ಯಾವ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?

ಪ್ರಶ್ನೆ: ನನ್ನ ಕಂಪ್ಯೂಟರ್‌ನಲ್ಲಿ ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್ಯಾಮ್, 550 ವ್ಯಾಟ್ ಪವರ್ ಸಪ್ಲೈ ಇದೆ. ಕಾರ್ಡ್ ಹಳೆಯದು, ಜಿಟಿಎಕ್ಸ್ 1060, 3 ಜಿಬಿ. ಹೋದ ತಿಂಗಳು 1440ಪಿ (2560×1440 ಚುಕ್ಕಿಗಳ), 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತಗೊಂಡೆ. ಅವತ್ತಿನಿಂದ ಏನು ಆಡಿದರೂ ತಡವರಿಸುತ್ತಿದೆ. ಗೆಳೆಯರ ಜೊತೆ ಕೌಂಟರ್‌ಸ್ಟ್ರೈಕ್ 2 ಆಡುತ್ತೇನೆ, ಒಬ್ಬನೇ ಇದ್ದಾಗ ಸೈಬರ್‌ಪಂಕ್ 2077 ತರಹದ ಗೇಮ್‌ಗಳು. ಒಬ್ಬ ಗೆಳೆಯ ‘ಕಣ್ಣು ಮುಚ್ಚಿಕೊಂಡು ಎನ್‌ವಿಡಿಯಾ ತಗೋ’ ಅನ್ನುತ್ತಾನೆ. ಇನ್ನೊಬ್ಬ ಎಎಂಡಿ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅದರ ಮೇಲೆ ಏಸಸ್, ಎಂಎಸ್‌ಐ, ಝೋಟ್ಯಾಕ್, ಸಫೈರ್ ಅಂತ ಹತ್ತಾರು ಹೆಸರು. ಕೈಯಲ್ಲಿ ಮಧ್ಯಮ ಮಟ್ಟದ ಕಾರ್ಡಿಗೆ ಸಾಕಾಗುವಷ್ಟು ದುಡ್ಡಿದೆ. ಯಾವ ಕಂಪನಿ ಒಳ್ಳೆಯದು?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ಎರಡು. ನಿಮ್ಮ ಗೆಳೆಯರು ಜಗಳ ಆಡುತ್ತಿರುವುದು ಚಿಪ್ ಬಗ್ಗೆ. ಏಸಸ್, ಝೋಟ್ಯಾಕ್ ಅನ್ನುವ ಹೆಸರುಗಳು ಬೋರ್ಡಿನವು. ಎರಡನ್ನೂ ‘ಕಂಪನಿ’ ಅಂತ ಒಂದೇ ಚೀಲಕ್ಕೆ ಹಾಕಿಕೊಂಡಿದ್ದೀರಿ, ಅದಕ್ಕೇ ತಲೆ ಕೆಟ್ಟಿದೆ.

ಗೇಮಿಂಗ್ ಕಾರ್ಡಿನ ಚಿಪ್ ವಿನ್ಯಾಸ ಮಾಡುವವರಲ್ಲಿ ನೀವು ನೋಡಬೇಕಾದವರು ಮೂರೇ ಮಂದಿ. ಎನ್‌ವಿಡಿಯಾದ ಕಾರ್ಡುಗಳಿಗೆ ಜಿಫೋರ್ಸ್ ಅಂತ ಹೆಸರು, ಎಎಂಡಿಯವಕ್ಕೆ ರೇಡಿಯಾನ್, ಇಂಟೆಲ್‌ನವಕ್ಕೆ ಆರ್ಕ್. ಆ ಚಿಪ್ ಕೊಂಡು, ಬೋರ್ಡಿಗೆ ಕೂರಿಸಿ, ಹೀಟ್‌ಸಿಂಕ್ ಮತ್ತು ಫ್ಯಾನ್ ಹಾಕಿ, ಪೆಟ್ಟಿಗೆಯಲ್ಲಿಟ್ಟು ಮಾರುವವರು ಏಸಸ್, ಎಂಎಸ್‌ಐ, ಗಿಗಾಬೈಟ್ ಮುಂತಾದವರು. ಆಟ ಎಷ್ಟು ಚೆನ್ನಾಗಿ ಓಡುತ್ತದೆ ಅನ್ನುವುದು ಮೊದಲನೆಯವರ ಕೈಯಲ್ಲಿದೆ. ಫ್ಯಾನ್ ಎಷ್ಟು ಕಿರುಚುತ್ತದೆ, ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಎರಡನೆಯವರ ಕೈಯಲ್ಲಿದೆ.

ಇನ್ನೊಂದು ತಮಾಷೆ ಹೇಳುತ್ತೇನೆ. ಆರ್‌ಟಿಎಕ್ಸ್ 50 ಸರಣಿ, ಆರ್‌ಎಕ್ಸ್ 9000 ಸರಣಿ, ಆರ್ಕ್ ಬಿ580, ಈ ಮೂರರ ಚಿಪ್ಪೂ ತಯಾರಾಗುವುದು ಟಿಎಸ್‌ಎಂಸಿ ಅನ್ನುವ ಒಂದೇ ಕಂಪನಿಯ ಕಾರ್ಖಾನೆಗಳಲ್ಲಿ. ನಿಮ್ಮ ಗೆಳೆಯರಿಬ್ಬರೂ ಇದನ್ನು ಗೊತ್ತು ಮಾಡಿಕೊಂಡರೆ ಅರ್ಧ ಜಗಳ ಅಲ್ಲೇ ನಿಲ್ಲಬಹುದು. ನಿಲ್ಲಲಿಕ್ಕಿಲ್ಲ, ಬಿಡಿ. 1999ರಲ್ಲಿ ಜಿಫೋರ್ಸ್ 256 ಬಂತು, ಮಾರನೇ ವರ್ಷ ಎಟಿಐ ಕಂಪನಿ ರೇಡಿಯಾನ್ ತಂದಿತು, 2006ರಲ್ಲಿ ಎಎಂಡಿ ಆ ಎಟಿಐಯನ್ನೇ ಕೊಂಡುಕೊಂಡಿತು. ಜಗಳಕ್ಕೆ ಕಾಲು ಶತಮಾನದ ಇತಿಹಾಸವಿದೆ.

ಕಾರ್ಡಿನ ಮಾತಿಗೆ ಮೊದಲು ಒಂದು ಸಣ್ಣ ಪರೀಕ್ಷೆ. ಹತ್ತು ನಿಮಿಷ ಸಾಕು, ಖರ್ಚಿಲ್ಲ. ಕೌಂಟರ್‌ಸ್ಟ್ರೈಕ್ 2 ತೆರೆದು ರೆಸಲ್ಯೂಷನ್ ಅನ್ನು 1280×960ಕ್ಕೆ ಇಳಿಸಿ, ಗ್ರಾಫಿಕ್ಸ್ ಸೆಟ್ಟಿಂಗ್ ಎಲ್ಲವನ್ನೂ ಕಡಿಮೆಗೆ ಹಾಕಿ. ನೀವು ಯಾವಾಗಲೂ ಆಡುವ ಮ್ಯಾಪ್‌ನಲ್ಲಿ, ಹತ್ತೂ ಜನ ಇರುವಾಗ, ಹೊಗೆ ಬಾಂಬ್ ಬಿದ್ದು ಗುಂಡು ಹಾರುವ ಹೊತ್ತಿನಲ್ಲಿ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ, ಅಂದರೆ ಫ್ರೇಮ್) ಬರುತ್ತದೆ ನೋಡಿ. ಅಷ್ಟು ಇಳಿಸಿದ ಮೇಲೆ ಕಾರ್ಡಿಗೆ ಹೆಚ್ಚು ಕೆಲಸ ಇರುವುದಿಲ್ಲ. ಹಾಗಾಗಿ ಆ ಸಂಖ್ಯೆ ಹೆಚ್ಚೂಕಮ್ಮಿ ನಿಮ್ಮ ಪ್ರೊಸೆಸರ್‌ನ ಮಿತಿ. ಮುಂದೆ ಯಾವ ಕಾರ್ಡ್ ತಂದು ಹಾಕಿದರೂ ಈ ಆಟದಲ್ಲಿ ಅದನ್ನು ಬಹಳ ದಾಟುವುದಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕೌಂಟರ್‌ಸ್ಟ್ರೈಕ್ ತರಹದ ಆಟಗಳು ಕಾರ್ಡಿಗಿಂತ ಪ್ರೊಸೆಸರ್ ಮೇಲೆ ಜಾಸ್ತಿ ನಿಂತಿರುತ್ತವೆ. ನಿಮ್ಮ 3600 ಬಂದಿದ್ದು 2019ರಲ್ಲಿ. ಒಳ್ಳೆಯ ಪ್ರೊಸೆಸರ್, ಈಗಲೂ ಕೆಲಸ ಮಾಡುತ್ತದೆ. ಆದರೆ ಅದರ ಪಕ್ಕ ಆರ್‌ಟಿಎಕ್ಸ್ 5080 ಕೂರಿಸಿದರೆ ಮೂಗಿಗಿಂತ ಮೂಗುತಿ ಭಾರ. ಕಾರ್ಡ್ ಅರ್ಧ ಹೊತ್ತು ಪ್ರೊಸೆಸರ್‌ನ ದಾರಿ ಕಾಯುತ್ತಾ ಸುಮ್ನೆ ಕೂತಿರುತ್ತದೆ. ನೀವು ಮಧ್ಯಮ ಮಟ್ಟದ ಕಾರ್ಡ್ ಅಂತ ಬರೆದಿದ್ದೀರಲ್ಲ, ಅದು ದುಡ್ಡಿನ ಲೆಕ್ಕದಲ್ಲಿ ಮಾತ್ರ ಅಲ್ಲ, ಈ ಲೆಕ್ಕದಲ್ಲೂ ಸರಿ.

ಈಗ ನಿಮ್ಮ ಕಣದಲ್ಲಿ ಇರುವವರನ್ನು ನೋಡೋಣ. ಎನ್‌ವಿಡಿಯಾ ಕಡೆಯಿಂದ ಆರ್‌ಟಿಎಕ್ಸ್ 5060 ಟಿಐ, 8 ಜಿಬಿ ಮತ್ತು 16 ಜಿಬಿ ಎರಡರಲ್ಲೂ ಸಿಗುತ್ತದೆ. ಎಎಂಡಿ ಕಡೆಯಿಂದ ಆರ್‌ಎಕ್ಸ್ 9060 ಎಕ್ಸ್‌ಟಿ, ಅದೂ 8 ಮತ್ತು 16. ಇವೆರಡೂ 2025ರಲ್ಲಿ ಬಂದವು. ಇಂಟೆಲ್‌ನಿಂದ 12 ಜಿಬಿಯ ಆರ್ಕ್ ಬಿ580, 2024ರ ಡಿಸೆಂಬರ್‌ನದು.

ಮೊದಲು ಒಂದು ಗೆರೆ ಎಳೆದುಬಿಡಿ. 1440ಪಿ ಮಾನಿಟರ್ ಇಟ್ಟುಕೊಂಡು 8 ಜಿಬಿ ಕಾರ್ಡ್ ಬೇಡ. ಯಾವ ಕಂಪನಿಯದಾದರೂ ಬೇಡ. ಈ ಒಂದು ವಿಷಯದಲ್ಲಿ ನಾನು ಹಟಮಾರಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಟದ ಗೋಡೆ, ನೆಲ, ಮುಖ, ಬಟ್ಟೆಗಳ ಚಿತ್ರಗಳೆಲ್ಲ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಇರಬೇಕು. ಅದಕ್ಕೆ ವಿ-ರ್ಯಾಮ್ (VRAM) ಅನ್ನುತ್ತಾರೆ. ರೇ ಟ್ರೇಸಿಂಗ್ ಹಾಕಿದರೆ ಬೆಳಕಿನ ಲೆಕ್ಕಕ್ಕೆ ಇನ್ನಷ್ಟು ಜಾಗ ಬೇಕು. ಫ್ರೇಮ್ ಜನರೇಷನ್ (ಇವೆರಡೂ ಏನು ಅಂತ ಮುಂದೆ ಹೇಳುತ್ತೇನೆ) ಹಾಕಿದರೆ ಇನ್ನೂ ಸ್ವಲ್ಪ. ಜಾಗ ತುಂಬಿ ಹೋದರೆ ಕಾರ್ಡ್ ನಿಲ್ಲುವುದಿಲ್ಲ, ಹೆಚ್ಚಾದದ್ದನ್ನು ಕಂಪ್ಯೂಟರ್‌ನ ರ್ಯಾಮ್‌ಗೆ ಸಾಗಿಸುತ್ತದೆ. ಬೇಕಾದಾಗ ಮದರ್‌ಬೋರ್ಡಿನ ಸ್ಲಾಟ್ ಮೂಲಕ ವಾಪಸ್ ತರುತ್ತದೆ. ತೊಂದರೆ ಶುರುವಾಗುವುದು ಇಲ್ಲಿ. 5060 ಟಿಐ ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 448 ಜಿಬಿ ಓದಬಲ್ಲದು. ಆದರೆ ಅದು ಸ್ಲಾಟಿನಲ್ಲಿ ಬಳಸುವುದು 8 ಲೇನ್ (ಮಾಹಿತಿ ಹರಿಯುವ ಸಾಲು) ಮಾತ್ರ. ನಿಮ್ಮ ಬಿ450 ಬೋರ್ಡಿನ ಸ್ಲಾಟ್ ಪಿಸಿಐಇ 3.0 ಅನ್ನುವ ಹಳೆಯ ತಲೆಮಾರಿನದು. ಆ ದಾರಿಯಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಹೋಗಬಹುದು, ಅಷ್ಟೇ. 448 ಎಲ್ಲಿ, 8 ಎಲ್ಲಿ! ಹೆದ್ದಾರಿಯಲ್ಲಿ ಓಡುತ್ತಿದ್ದ ಲಾರಿಯನ್ನು ಗದ್ದೆ ಬದುವಿಗೆ ಇಳಿಸಿದ ಹಾಗೆ.

ಇದು ಕಣ್ಣಿಗೆ ಹೇಗೆ ಕಾಣುತ್ತದೆ? ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಇರುತ್ತದೆ, 70, 75. ನೀವು ಗಾಡಿ ಓಡಿಸುತ್ತಾ ಹೊಸ ಬೀದಿಗೆ ತಿರುಗುತ್ತೀರಿ. ಒಂದು ಕ್ಷಣ ಚಿತ್ರ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಮುಂದೆ ಹೋಗುತ್ತದೆ. ಎದುರಿನ ಗೋಡೆ ಮೇಲಿನ ಬರಹ ಮಸಿ ಮೆತ್ತಿದ ಹಾಗೆ ಇದ್ದು, ಎರಡು ಸೆಕೆಂಡ್ ಬಿಟ್ಟು ಸ್ಪಷ್ಟವಾಗುತ್ತದೆ. ಕೆಲವು ಆಟಗಳಲ್ಲಿ ಸ್ಪಷ್ಟವಾಗುವುದೇ ಇಲ್ಲ, ಯಾಕೆಂದರೆ ಆಟವೇ ತಿಳಿದುಕೊಂಡು ಕಡಿಮೆ ಗುಣಮಟ್ಟದ ಚಿತ್ರ ಹಾಕಿಬಿಟ್ಟಿರುತ್ತದೆ. ಬರೀ ಸರಾಸರಿ ಪಟ್ಟಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಅದಕ್ಕೇ ಯಾವುದೇ ಪರೀಕ್ಷೆಯ ಫಲಿತಾಂಶ ನೋಡುವಾಗ ಸರಾಸರಿಯ ಪಕ್ಕದಲ್ಲಿ ‘1% ಲೋ’ ಅಂತ ಬರೆದಿರುವ ಸಂಖ್ಯೆಯನ್ನೂ ನೋಡಿ, ಅದು ಅತಿ ನಿಧಾನವಾಗಿ ಬಂದ ನೂರಕ್ಕೊಂದು ಪಾಲು ಫ್ರೇಮ್‌ಗಳ ವೇಗ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಆಟ ಎಡವುತ್ತಾ ಓಡಿದೆ ಅಂತ ಅರ್ಥ.

ನಿಮ್ಮ ಈಗಿನ 1060ರಲ್ಲಿ ಇದೇ ಆಗುತ್ತಿದೆ. 3 ಜಿಬಿ, ಅದರ ಮೇಲೆ 1440ಪಿ. ಪಾಪ, ಅದರದ್ದೇನು ತಪ್ಪು?

ಹಾಗಂತ ಮೆಮೊರಿ ಜಾಸ್ತಿ ಇದ್ದ ಮಾತ್ರಕ್ಕೆ ಕಾರ್ಡ್ ವೇಗವಾಗುವುದಿಲ್ಲ. ಪೆಟ್ರೋಲ್ ಟ್ಯಾಂಕ್ ದೊಡ್ಡದಾದರೆ ಬೈಕ್ ಜೋರಾಗಿ ಓಡುತ್ತದಾ? ಮಧ್ಯದಲ್ಲಿ ನಿಲ್ಲುವುದಿಲ್ಲ, ಅಷ್ಟೇ. ದುರ್ಬಲ ಚಿಪ್ಪಿಗೆ 16 ಜಿಬಿ ಅಂಟಿಸಿ ಮಾರುವ ಕಾರ್ಡುಗಳಿಗೆ ಮರುಳಾಗಬೇಡಿ.

ಹೆಸರಿನ ಮೋಸದ ಬಗ್ಗೆಯೂ ಒಂದು ಮಾತು. ನಿಮ್ಮ 3 ಜಿಬಿ 1060 ಮತ್ತು 6 ಜಿಬಿ 1060 ಒಂದೇ ಕಾರ್ಡ್, ಮೆಮೊರಿ ಮಾತ್ರ ಬೇರೆ ಅಂತ ಬಹಳ ಜನ ಅಂದುಕೊಂಡಿದ್ದರು. ಅಲ್ಲ. 6 ಜಿಬಿಯದರಲ್ಲಿ 1280 ಕೋರ್, 3 ಜಿಬಿಯದರಲ್ಲಿ 1152. ಹೆಸರು ಅದೇ, ಚಿಪ್‌ನ ಒಂದು ಭಾಗ ಮುಚ್ಚಿಟ್ಟದ್ದು. 2022ರಲ್ಲಿ ಎನ್‌ವಿಡಿಯಾ ಇದೇ ಆಟವನ್ನು ದೊಡ್ಡದಾಗಿ ಆಡಲು ಹೋಯಿತು. ಆರ್‌ಟಿಎಕ್ಸ್ 4080ಯನ್ನು 16 ಮತ್ತು 12 ಜಿಬಿಯಲ್ಲಿ ಘೋಷಿಸಿತು, ಒಳಗಿನ ಚಿಪ್ ಬೇರೆ ಬೇರೆ. ಜನ ಎಷ್ಟು ಬೈದರು ಅಂದರೆ 12 ಜಿಬಿಯದನ್ನು ಮಾರುಕಟ್ಟೆಗೆ ಬರುವ ಮೊದಲೇ ವಾಪಸ್ ತಗೊಂಡರು. ಮುಂದಿನ ಜನವರಿಯಲ್ಲಿ ಅದು 4070 ಟಿಐ ಅಂತ ಹೆಸರು ಬದಲಿಸಿಕೊಂಡು ಬಂತು. 5060 ಟಿಐ, 9060 ಎಕ್ಸ್‌ಟಿ ವಿಷಯದಲ್ಲಿ 8 ಮತ್ತು 16ರ ಚಿಪ್ ಒಂದೇ, ಮೆಮೊರಿ ಮಾತ್ರ ಬೇರೆ. ಆದರೂ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಹೆಸರಷ್ಟೇ ಅಲ್ಲ, ಮೂಲೆಯ ಸಣ್ಣ ಅಕ್ಷರದ ಜಿಬಿಯನ್ನೂ ಓದಿ. ದರ ತುಂಬಾ ಚೆನ್ನಾಗಿದೆ ಅನಿಸಿದರೆ ಅದು 8 ಜಿಬಿಯದೇ ಇರಬೇಕು.

ಸರಿ, ಈಗ ಕಣದಲ್ಲಿ ಉಳಿದವು ಮೂರು: 5060 ಟಿಐ 16, 9060 ಎಕ್ಸ್‌ಟಿ 16, ಬಿ580.

ಇಂಟೆಲ್ ಅನ್ನು ಬೇಗ ಮುಗಿಸಿಬಿಡುತ್ತೇನೆ. ಬಿ580 ಕೆಟ್ಟ ಕಾರ್ಡ್ ಅಲ್ಲ. 2022ರಲ್ಲಿ ಮೊದಲ ಆರ್ಕ್ ಕಾರ್ಡುಗಳು ಬಂದಾಗ ಹಳೆಯ ಡೈರೆಕ್ಟ್‌ಎಕ್ಸ್ 9 ಆಟಗಳು ಕುಂಟುತ್ತಿದ್ದವು, ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ತಿದ್ದಿ ತಿದ್ದಿ ಅದನ್ನು ಬಹಳ ಸುಧಾರಿಸಿದರು. ಹೊಸ ಪ್ರೊಸೆಸರ್ ಜೊತೆ ನಾನೇ ಇದನ್ನು ಹಾಕಿಸಿಕೊಳ್ಳಿ ಅಂತ ಹೇಳಿದ್ದುಂಟು. ಆದರೆ ಇದರ ಡ್ರೈವರ್ ಪ್ರೊಸೆಸರ್‌ನಿಂದ ಜಾಸ್ತಿ ಕೆಲಸ ಕೇಳುತ್ತದೆ. 3600 ತರಹದ ಹಳೆಯ ಪ್ರೊಸೆಸರ್ ಜೊತೆ ಹಾಕಿದರೆ ಕೆಲವು ಆಟಗಳಲ್ಲಿ ವೇಗ ಎದ್ದು ಕಾಣುವಷ್ಟು ಬೀಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅಂಥ ಜೋಡಿ. ನಿಮಗೆ ಬೇಡ.

ಇನ್ನು ಎನ್‌ವಿಡಿಯಾ ಮತ್ತು ಎಎಂಡಿ. ಸಾಮಾನ್ಯ ಆಟಗಳಲ್ಲಿ, ಅಂದರೆ ರೇ ಟ್ರೇಸಿಂಗ್ ಇಲ್ಲದೆ, ಈ ಎರಡು ಕಾರ್ಡುಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ. 5060 ಟಿಐ ಸ್ವಲ್ಪ ಮುಂದೆ ಇರುತ್ತದೆ, ಆಟದಿಂದ ಆಟಕ್ಕೆ ಬದಲಾಗುತ್ತದೆ. ಪರದೆಯ ಮುಂದೆ ಕೂರಿಸಿ ಯಾವುದರಲ್ಲಿ ಯಾವುದು ಓಡುತ್ತಿದೆ ಹೇಳಿ ಅಂದರೆ ನನಗೂ ಆಗುವುದಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ.

ಒಂದು, ರೇ ಟ್ರೇಸಿಂಗ್. ಬೆಳಕು ಎಲ್ಲಿಂದ ಬಂದು ಎಲ್ಲಿ ಬಡಿದು ಎಲ್ಲಿಗೆ ಚಿಮ್ಮುತ್ತದೆ ಅಂತ ನಿಜವಾಗಿ ಲೆಕ್ಕ ಹಾಕುವ ಕೆಲಸ ಅದು. ಎನ್‌ವಿಡಿಯಾ ಇದನ್ನು 2018ರ ಆರ್‌ಟಿಎಕ್ಸ್ 20 ಸರಣಿಯಿಂದ ಮಾಡಿಕೊಂಡು ಬಂದಿದೆ, ಎಎಂಡಿ 2020ರಲ್ಲಿ ಶುರು ಮಾಡಿತು. ಬಹಳ ವರ್ಷ ಎಎಂಡಿ ಹಿಂದೆಯೇ ಇತ್ತು. 9000 ಸರಣಿಯಲ್ಲಿ ಆ ಅಂತರ ಬಹಳಷ್ಟು ತುಂಬಿದೆ. ಆದರೆ ಸೈಬರ್‌ಪಂಕ್‌ನಲ್ಲಿ 2023ರಲ್ಲಿ ಸೇರಿಸಿದ ಪಾತ್ ಟ್ರೇಸಿಂಗ್ ಇದೆಯಲ್ಲ, ಎಲ್ಲ ಬೆಳಕನ್ನೂ ಲೆಕ್ಕ ಹಾಕುವಂಥದ್ದು, ಅದರಲ್ಲಿ ಎನ್‌ವಿಡಿಯಾ ಈಗಲೂ ಮುಂದೆ. ಈ ಮಟ್ಟದ ಕಾರ್ಡಿನಲ್ಲಿ ಪಾತ್ ಟ್ರೇಸಿಂಗ್ ಹಾಕಿ 1440ಪಿಯಲ್ಲಿ ಆರಾಮಾಗಿ ಆಡುವ ಆಸೆ ಬೇಡ, ಯಾವ ಕಂಪನಿಯದಾದರೂ. ಹಾಗಾಗಿ ನಿಮ್ಮ ಮಟ್ಟಿಗೆ ಈ ಗೆಲುವು ಅರ್ಧ ಕಾಗದದ ಮೇಲಿನದು. ಆದರೆ ರೇ ಟ್ರೇಸಿಂಗ್ ಬೇಡವೇ ಬೇಡ ಅನ್ನುವ ಕಾಲವೂ ಹೋಯಿತು. 2025ರ ಡೂಮ್: ದಿ ಡಾರ್ಕ್ ಏಜಸ್ ಆಟ ರೇ ಟ್ರೇಸಿಂಗ್ ಗೊತ್ತಿಲ್ಲದ ಕಾರ್ಡಿನಲ್ಲಿ ತೆರೆದುಕೊಳ್ಳುವುದೇ ಇಲ್ಲ.

ಎರಡನೆಯದು ಅಪ್‌ಸ್ಕೇಲಿಂಗ್. ಆಟವನ್ನು ಸಣ್ಣ ಅಳತೆಯಲ್ಲಿ ಬಿಡಿಸಿ, ಆಮೇಲೆ ದೊಡ್ಡದು ಮಾಡಿ ತೋರಿಸುವ ಉಪಾಯ. ನಿಮ್ಮ ಮಾನಿಟರಿನಲ್ಲಿ ‘ಕ್ವಾಲಿಟಿ’ ಅಂತ ಆರಿಸಿದರೆ ಕಾರ್ಡ್ ನಿಜವಾಗಿ ಬಿಡಿಸುವುದು ಸುಮಾರು 1707×960 ಮಾತ್ರ. ಉಳಿದದ್ದನ್ನು ಹಿಂದಿನ ಫ್ರೇಮ್‌ಗಳನ್ನು ನೋಡಿಕೊಂಡು ತುಂಬಿಸುತ್ತದೆ. ಎನ್‌ವಿಡಿಯಾದಲ್ಲಿ ಇದಕ್ಕೆ ಡಿಎಲ್‌ಎಸ್‌ಎಸ್ ಅಂತ ಹೆಸರು, ಎಎಂಡಿಯಲ್ಲಿ ಎಫ್‌ಎಸ್‌ಆರ್. ಹಳೆಯ ಎಫ್‌ಎಸ್‌ಆರ್‌ನಲ್ಲಿ ಕೂದಲು, ತಂತಿ ಬೇಲಿ, ದೂರದ ಮರದ ಎಲೆಗಳು ಮಿಣಮಿಣ ಅನ್ನುತ್ತಿದ್ದವು. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಅದೇ ಕಾಣುತ್ತಿತ್ತು. 9000 ಸರಣಿಯ ಜೊತೆ ಬಂದ ಎಫ್‌ಎಸ್‌ಆರ್ 4 ಎಐ ಬಳಸುತ್ತದೆ, ಆ ಮಿಣಮಿಣ ಬಹಳ ಕಡಿಮೆಯಾಗಿದೆ. ಈಗ ಗುಣಮಟ್ಟದಲ್ಲಿ ಡಿಎಲ್‌ಎಸ್‌ಎಸ್‌ಗೆ ಹತ್ತಿರ ಬಂದಿದೆ. ಆದರೆ ಡಿಎಲ್‌ಎಸ್‌ಎಸ್ ಇರುವ ಆಟಗಳ ಪಟ್ಟಿ ಉದ್ದ. ನೀವು ಆಡುವ ನಾಲ್ಕೈದು ಆಟಗಳ ಹೆಸರು ಬರೆದುಕೊಂಡು, ಒಂದೊಂದರಲ್ಲೂ ಯಾವುದು ಇದೆ ಅಂತ ನೋಡಿಕೊಳ್ಳಿ. ನಿಮ್ಮ ಆಟಗಳಲ್ಲಿ ಎರಡೂ ಇದ್ದರೆ ಜಗತ್ತಿನ ಉಳಿದ ಆಟಗಳ ಲೆಕ್ಕ ನಿಮಗೆ ಯಾಕೆ?

ಇದರ ಪಕ್ಕದಲ್ಲೇ ಫ್ರೇಮ್ ಜನರೇಷನ್ ಅನ್ನುವುದು ನಿಂತಿದೆ. ಎರಡು ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡೇ ಊಹಿಸಿ ಫ್ರೇಮ್ ತುರುಕುತ್ತದೆ. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ ನಿಂತು 5070 ಕಾರ್ಡಿನಲ್ಲಿ 4090ರ ಸಾಮರ್ಥ್ಯ ಸಿಗುತ್ತದೆ ಅಂದರು. ಆ ಲೆಕ್ಕ ಹೊಂದುವುದು ನಾಲ್ಕು ಫ್ರೇಮ್‌ನಲ್ಲಿ ಮೂರನ್ನು ಊಹಿಸಿ ತುಂಬಿಸಿದಾಗ. ಇದರಲ್ಲಿ ಒಂದು ಗಣಿತ ಇದೆ, ತಲೆಯಲ್ಲಿಟ್ಟುಕೊಳ್ಳಿ. ನಿಜವಾದ 30 ಎಫ್‌ಪಿಎಸ್ ಅಂದರೆ ಪ್ರತಿ ಫ್ರೇಮಿಗೆ 33 ಮಿಲಿಸೆಕೆಂಡ್. ಅದನ್ನು ಊಹೆಯಿಂದ 120 ಮಾಡಿದರೆ ಕಣ್ಣಿಗೆ ನಯವಾಗಿ ಕಾಣುತ್ತದೆ. ಆದರೆ ಮೌಸ್ ಅಲ್ಲಾಡಿಸಿದರೆ ಕೈಗೆ ಸಿಗುವುದು ಆ 33 ಮಿಲಿಸೆಕೆಂಡಿನ ಭಾರವೇ, ಜೊತೆಗೆ ಊಹೆ ಮಾಡಲು ಮುಂದಿನ ಫ್ರೇಮಿಗಾಗಿ ಕಾಯುವ ತಡ ಬೇರೆ. ಮೊದಲೇ 60ರ ಮೇಲಿದ್ದು, 144ರ ಮಾನಿಟರ್ ತುಂಬಿಸಲು ಬಳಸಿದರೆ ಚೆಂದ. ಸೈಬರ್‌ಪಂಕ್‌ಗೆ ಸರಿ. ಕೌಂಟರ್‌ಸ್ಟ್ರೈಕ್ ತರಹದ ಆಟದಲ್ಲಿ ಅದರ ಹತ್ತಿರವೂ ಹೋಗಬೇಡಿ. ಕಾರ್ಡಿನ ಜಾಹೀರಾತಿನಲ್ಲಿ ಎತ್ತರದ ಕಂಬಗಳ ಪಟ್ಟಿ ಕಂಡರೆ ಕೆಳಗಿನ ಸಣ್ಣ ಅಕ್ಷರ ಓದಿ, ಈ ಊಹೆಯ ಫ್ರೇಮ್ ಸೇರಿಸಿದ್ದಾರಾ ಅಂತ.

ಕೌಂಟರ್‌ಸ್ಟ್ರೈಕ್ ಅಂದ ಮೇಲೆ ಒಂದು ಹಳೆಯ ಕಥೆ ನೆನಪಾಯಿತು. ಮೌಸ್ ಒತ್ತಿದ್ದಕ್ಕೂ ಪರದೆಯಲ್ಲಿ ಗುಂಡು ಹಾರುವುದಕ್ಕೂ ನಡುವಿನ ತಡ ಕಡಿಮೆ ಮಾಡಲು ಎನ್‌ವಿಡಿಯಾ 2020ರಲ್ಲಿ ರಿಫ್ಲೆಕ್ಸ್ ತಂದಿತು. 2023ರಲ್ಲಿ ಎಎಂಡಿ ಆಂಟಿ-ಲ್ಯಾಗ್+ ಅಂತ ತಂದಿತು. ಅದು ಆಟದ ಒಳಗಿನ ಫೈಲಿಗೇ ಕೈ ಹಾಕುತ್ತಿತ್ತು. ಆಟದ ಕಾವಲು ವ್ಯವಸ್ಥೆ ಅದನ್ನು ಕಳ್ಳಾಟ ಅಂದುಕೊಂಡು ಆಡುವವರನ್ನೇ ಹೊರಗೆ ಹಾಕಿತು. ಎಎಂಡಿ ಅದನ್ನು ವಾಪಸ್ ತಗೊಂಡು, 2024ರಲ್ಲಿ ಆಟದ ಒಳಗೇ ಸೇರಿಸುವ ಆಂಟಿ-ಲ್ಯಾಗ್ 2 ಮಾಡಿತು. ಅದು ಮೊದಲು ಬಂದಿದ್ದೇ ಕೌಂಟರ್‌ಸ್ಟ್ರೈಕ್ 2ರಲ್ಲಿ. ಹಾಗಾಗಿ ಈ ಭಯ ಈಗ ಬೇಡ.

‘ಎಎಂಡಿ ಡ್ರೈವರ್ ಸರಿ ಇರಲ್ಲ’ ಅನ್ನುವ ಮಾತನ್ನು ನಿಮ್ಮ ಮೊದಲ ಗೆಳೆಯ ಹೇಳಿಯೇ ಇರುತ್ತಾರೆ. ಒಂದು ಕಾಲದಲ್ಲಿ ನಿಜ ಇತ್ತು. 2019ರ ಆರ್‌ಎಕ್ಸ್ 5700 ಹೊಸದರಲ್ಲಿ ಪರದೆ ಕಪ್ಪಾಗುವ ತೊಂದರೆಯಿಂದ ಬಹಳ ಜನ ಬೇಸತ್ತಿದ್ದರು. ಆದರೆ 2025ರ ಆರಂಭದಲ್ಲಿ ಆರ್‌ಟಿಎಕ್ಸ್ 50 ಸರಣಿ ಬಂದಾಗ ಅದೇ ಕಪ್ಪು ಪರದೆ ಎನ್‌ವಿಡಿಯಾ ಮನೆಗೂ ಬಂತು, ತೇಪೆ ಹಾಕಿದ ಡ್ರೈವರ್‌ಗಳನ್ನು ಒಂದರ ಹಿಂದೆ ಒಂದು ಬಿಟ್ಟರು. ಹೊಸ ಸರಣಿ ಬಂದ ಮೊದಲ ಎರಡು ಮೂರು ತಿಂಗಳು ಯಾರದೇ ಆದರೂ ಹೀಗೇ. ಅಷ್ಟು ಹೊತ್ತು ಕಾದವರಿಗೆ ತಲೆನೋವು ಕಡಿಮೆ. ಇನ್ನೊಂದು ಕಡೆ, ಎನ್‌ವಿಡಿಯಾ 2016ರ ನಿಮ್ಮ 1060ಗೆ ಹೊಸ ಆಟಗಳ ಡ್ರೈವರ್ ಕೊಡುತ್ತಾ ಬಂದಿದ್ದು 2025ರ ಅಕ್ಟೋಬರ್‌ವರೆಗೆ. ಒಂಬತ್ತು ವರ್ಷ. ಅದಕ್ಕೆ ಒಂದು ಸಲಾಂ ಹೊಡೆಯಲೇಬೇಕು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಎರಡು ವಿಷಯ ಇದ್ದರೆ ಲೆಕ್ಕ ಬದಲಾಗುತ್ತದೆ. ಆಟದ ಜೊತೆ ಬ್ಲೆಂಡರ್ ತರಹದ 3ಡಿ ತಂತ್ರಾಂಶದಲ್ಲಿ ಕೆಲಸ, ಎಐ ಪ್ರಯೋಗ ಮಾಡುವವರಾದರೆ ಕಣ್ಣು ಮುಚ್ಚಿಕೊಂಡು ಎನ್‌ವಿಡಿಯಾ. ಆ ಲೋಕ ಹೆಚ್ಚಾಗಿ ‘ಕುಡಾ’ (CUDA) ಎನ್ನುವ ಎನ್‌ವಿಡಿಯಾ ತಂತ್ರಾಂಶದ ಮೇಲೆ ಕಟ್ಟಿದ್ದು. ಲಿನಕ್ಸ್‌ನಲ್ಲಿ ಆಡುವವರಾದರೆ ಎಎಂಡಿ. ಡ್ರೈವರ್ ಲಿನಕ್ಸ್‌ನ ಕರ್ನಲ್ (ತಿರುಳು) ಒಳಗೇ ಇರುತ್ತದೆ, ಬೇರೆ ಹುಡುಕುವ ಕೆಲಸವಿಲ್ಲ. ಮಾನಿಟರಿನ ಪೆಟ್ಟಿಗೆ ಮೇಲೆ ಫ್ರೀಸಿಂಕ್ (ಪರದೆಯ ಲಯವನ್ನು ಕಾರ್ಡಿನ ವೇಗಕ್ಕೆ ಹೊಂದಿಸುವ ಎಎಂಡಿಯ ಉಪಾಯ) ಅಂತ ಇದ್ದರೆ ಎಎಂಡಿಯೇ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬೇಕಿಲ್ಲ. 2019ರ ಜನವರಿಯಿಂದ ಎನ್‌ವಿಡಿಯಾ ಕಾರ್ಡುಗಳೂ ಅಂಥ ಮಾನಿಟರುಗಳ ಜೊತೆ ಹೊಂದಿಕೊಳ್ಳುತ್ತವೆ.

ಹಾಗಾದರೆ ನಿಮಗೆ ಯಾವುದು? ನಾನಾಗಿದ್ದರೆ 9060 ಎಕ್ಸ್‌ಟಿ 16 ಜಿಬಿ ತಗೊಳ್ಳುತ್ತಿದ್ದೆ. ಅದು ಸ್ಲಾಟಿನ 16 ಲೇನ್‌ಗಳನ್ನೂ ಬಳಸುತ್ತದೆ, ನಿಮ್ಮ ಹಳೆಯ ಬೋರ್ಡಿಗೆ ಅದು ಅನುಕೂಲ. 160 ವ್ಯಾಟ್ ಕುಡಿಯುತ್ತದೆ. ಉಳಿಯುವ ದುಡ್ಡನ್ನು ಕೂಡಿಸಿಟ್ಟುಕೊಂಡು, ಮುಂದೆ ಬಯಾಸ್ (ಮದರ್‌ಬೋರ್ಡಿನ ಒಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ ರೈಜನ್ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಪ್ರೊಸೆಸರ್ ಸಿಕ್ಕರೆ ಹಾಕಿ. ಹೊಸದು ಸಿಗದಿದ್ದರೆ ಬಳಸಿದ್ದಾದರೂ ಸರಿ, ಪ್ರೊಸೆಸರ್ ಸಾಮಾನ್ಯವಾಗಿ ಸುಲಭಕ್ಕೆ ಕೆಡುವ ವಸ್ತುವಲ್ಲ. ನಿಮ್ಮ ಕೌಂಟರ್‌ಸ್ಟ್ರೈಕ್‌ಗೆ ಆ ಬದಲಾವಣೆ ಯಾವ ಕಾರ್ಡಿಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ. ಆದರೆ ನೀವು ಕೊಳ್ಳುವ ದಿನ 5060 ಟಿಐ 16 ಜಿಬಿಯ ದರ ಹತ್ತನೇ ಒಂದು ಭಾಗದಷ್ಟು ಮಾತ್ರ ಹೆಚ್ಚಿದ್ದರೆ, ಯೋಚನೆ ಮಾಡಬೇಡಿ, ಅದನ್ನೇ ತಗೊಳ್ಳಿ. ಡಿಎಲ್‌ಎಸ್‌ಎಸ್‌ಗಾಗಿ ಅಷ್ಟು ಕೊಡಬಹುದು. ಅದಕ್ಕಿಂತ ಜಾಸ್ತಿ ಕೊಡುವಷ್ಟು ಅಂತರ ಈಗ ಉಳಿದಿಲ್ಲ.

ಪವರ್ ಸಪ್ಲೈ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 5060 ಟಿಐ 180 ವ್ಯಾಟ್. ನಿಮ್ಮ ಪ್ರೊಸೆಸರ್ ಜೋರಾಗಿ ಓಡಿದರೂ 88. ಉಳಿದ ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಐವತ್ತು ಅರವತ್ತು ಸೇರಿಸಿ. 330 ದಾಟುವುದಿಲ್ಲ. ಎನ್‌ವಿಡಿಯಾ 600 ವ್ಯಾಟ್ ಬೇಕು ಅಂತ ಬರೆಯುವುದು ಕಳಪೆ ಸಪ್ಲೈಗಳನ್ನೂ ಲೆಕ್ಕಕ್ಕೆ ಹಿಡಿದು. ನಿಮ್ಮದು ಒಳ್ಳೆಯ ಗುಣಮಟ್ಟದ 550 ಆಗಿದ್ದರೆ ಸಾಕು. 4090ರಲ್ಲಿ ಕರಗಿದ 16 ಪಿನ್ ಪವರ್ ಕನೆಕ್ಟರ್‌ನ ಸುದ್ದಿ ಓದಿ ಹೆದರಿದ್ದರೆ, ಈ ಎರಡು ಕಾರ್ಡುಗಳ ಹೆಚ್ಚಿನ ಮಾಡೆಲ್‌ಗಳಲ್ಲಿ ಹಳೆಯ 8 ಪಿನ್ನೇ ಇರುತ್ತದೆ.

ಈಗ ಎರಡನೇ ಪ್ರಶ್ನೆ, ಬೋರ್ಡಿನವರು. ಏಸಸ್, ಗಿಗಾಬೈಟ್ ಎರಡೂ ಕಡೆಯ ಚಿಪ್ ಬಳಸುತ್ತಾರೆ. ಝೋಟ್ಯಾಕ್, ಪಾಲಿಟ್, ಇನ್ನೋ3ಡಿ ಎನ್‌ವಿಡಿಯಾ ಕಡೆಯವರು. ಸಫೈರ್, ಪವರ್‌ಕಲರ್, ಎಕ್ಸ್‌ಎಫ್‌ಎಕ್ಸ್ ಎಎಂಡಿ ಕಡೆಯವರು. ಹಾಗಾಗಿ ‘ಝೋಟ್ಯಾಕ್ ಒಳ್ಳೆಯದಾ ಸಫೈರ್ ಒಳ್ಳೆಯದಾ’ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಚಿಪ್ ಆರಿಸಿದ ತಕ್ಷಣ ಅರ್ಧ ಹೆಸರು ತಾವಾಗೇ ಬಿದ್ದುಹೋಗುತ್ತವೆ.

ಉಳಿದವರಲ್ಲಿ ಕಂಪನಿಯಿಂದ ಕಂಪನಿಗೆ ಇರುವ ವ್ಯತ್ಯಾಸಕ್ಕಿಂತ ಒಂದೇ ಕಂಪನಿಯ ಒಳಗಿನ ಮಾಡೆಲ್‌ಗಳ ವ್ಯತ್ಯಾಸ ದೊಡ್ಡದು. ಏಸಸ್‌ನಲ್ಲಿ ಡ್ಯುಯಲ್ ಕೆಳಗಿನದು, ಟಫ್ ಅದರ ಮೇಲಿನದು. ಸಫೈರ್‌ನಲ್ಲಿ ಪಲ್ಸ್ ಕೆಳಗೆ, ನೈಟ್ರೋ+ ಮೇಲೆ. ಮೇಲಿನದಕ್ಕೆ ದೊಡ್ಡ ಹೀಟ್‌ಸಿಂಕ್, ಮೂರು ಫ್ಯಾನ್, ದೀಪದ ಅಲಂಕಾರ. 300 ವ್ಯಾಟಿನ ಕಾರ್ಡ್ ಆಗಿದ್ದರೆ ನಾನೇ ದೊಡ್ಡ ಕೂಲರ್ ಇರುವುದನ್ನು ತಗೊಳ್ಳಿ ಅನ್ನುತ್ತಿದ್ದೆ. 160–180 ವ್ಯಾಟಿಗೆ ಎರಡು ಫ್ಯಾನಿನ ಸಾದಾ ಮಾಡೆಲ್ ಧಾರಾಳವಾಗಿ ಸಾಕು. ‘ಓಸಿ’ (ಓವರ್‌ಕ್ಲಾಕ್, ಚಿಪ್ಪನ್ನು ಸ್ವಲ್ಪ ಜೋರಾಗಿ ಓಡಿಸುವುದು) ಅಂತ ಬರೆದಿದ್ದಕ್ಕೆ ಜಾಸ್ತಿ ಕೊಡಬೇಡಿ. ಅದರಿಂದ ಸಿಗುವುದು ಎರಡು ಮೂರು ಶೇಕಡಾ, ನೂರು ಎಫ್‌ಪಿಎಸ್ ನೂರಾ ಮೂರು ಆಗುತ್ತದೆ. ಮೇಲಿನ ಮಾಡೆಲ್‌ಗೆ ಕೊಡುವ ಹೆಚ್ಚಿನ ದುಡ್ಡು ಮುಂದಿನ ಚಿಪ್‌ನ ದರಕ್ಕೆ ಹತ್ತಿರ ಹೋಗುತ್ತಿದ್ದರೆ ಅದು ಪೂರ್ತಿ ದಡ್ಡತನ.

ನಾನು ನೋಡುವುದು ಬೇರೆ ಎರಡು ವಿಷಯ. ಮೊದಲನೆಯದು ವಾರಂಟಿ ಯಾರ ಹೆಸರಿಗೆ ಅನ್ನುವುದು. ಕೆಲವರು ಕಾರ್ಡಿನ ಸೀರಿಯಲ್ ನಂಬರ್ ನೋಡಿ ವಾರಂಟಿ ಕೊಡುತ್ತಾರೆ, ಕೆಲವರು ಬಿಲ್ ಕೇಳುತ್ತಾರೆ. ಇದನ್ನು ನಾನು ಕಲಿತಿದ್ದು ಕೈ ಸುಟ್ಟುಕೊಂಡು. ಒಮ್ಮೆ ಒಬ್ಬರಿಂದ ಒಂದೂವರೆ ವರ್ಷ ಹಳೆಯ ಕಾರ್ಡ್ ಕೊಂಡಿದ್ದೆ, ವಾರಂಟಿ ಇನ್ನೂ ಬಾಕಿ ಇತ್ತು. ಆರು ತಿಂಗಳಿಗೆ ಒಂದು ಫ್ಯಾನಿನಿಂದ ಕರಕರ ಸದ್ದು ಶುರುವಾಯಿತು. ಬೆರಳಿನಿಂದ ತಿರುಗಿಸಿದರೆ ಬೇರಿಂಗ್ ಮರಳು ತುಂಬಿದ ಹಾಗೆ ಉಜ್ಜುತ್ತಿತ್ತು. ಕಂಪನಿಗೆ ಬರೆದರೆ ಮೊದಲ ಕೊಳ್ಳುಗರ ಹೆಸರಿನ ಬಿಲ್ ಬೇಕು ಅಂದರು. ಮಾರಿದವರ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್. ಕೊನೆಗೆ ನಾನೇ ಸ್ಕ್ರೂ ಬಿಚ್ಚಿ ಬೇರೆ ಫ್ಯಾನ್ ಹಾಕಿದೆ. ಬಿಚ್ಚಿದಾಗ ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್ ಒಣಗಿ ಹಪ್ಪಳದ ಹಾಗೆ ಮುರಿಯಿತು, ಅದನ್ನೂ ಬದಲಿಸಬೇಕಾಯಿತು.

ಎರಡನೆಯದು ಉದ್ದ. ಕ್ಯಾಬಿನೆಟ್ ಬಿಚ್ಚಿ, ಹಿಂದಿನ ತಗಡಿನಿಂದ ಮುಂದಿನ ಫ್ಯಾನ್‌ವರೆಗೆ ಟೇಪ್ ಹಿಡಿದು ಅಳೆಯಿರಿ. ಕಾರ್ಡಿನ ಉದ್ದ ಮಿಲಿಮೀಟರ್‌ನಲ್ಲಿ ಅದರ ವಿವರದಲ್ಲಿ ಬರೆದಿರುತ್ತದೆ. ಎಷ್ಟು ಸ್ಲಾಟ್ ದಪ್ಪ ಅನ್ನುವುದೂ ಇರುತ್ತದೆ, ಕೆಳಗೆ ಬೇರೆ ಏನಾದರೂ ಕಾರ್ಡ್ ಇದ್ದರೆ ಅದನ್ನೂ ನೋಡಿ.

ಕಾರ್ಡ್ ಬಂದ ದಿನದ ಕೆಲಸವನ್ನೂ ಹೇಳಿ ಮುಗಿಸುತ್ತೇನೆ. ಎಎಂಡಿಗೆ ಬದಲಾಯಿಸುತ್ತಿದ್ದರೆ ಮೊದಲು ಡಿಡಿಯು ಅನ್ನುವ ಉಚಿತ ತಂತ್ರಾಂಶದಿಂದ, ಸೇಫ್ ಮೋಡ್‌ನಲ್ಲಿ, ಹಳೆಯ ಎನ್‌ವಿಡಿಯಾ ಡ್ರೈವರ್ ಪೂರ್ತಿ ತೆಗೆಯಿರಿ. ಬಯಾಸ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವಂಥದ್ದು) ಅನ್ನುವ ಆಯ್ಕೆ ಇದ್ದರೆ ಆನ್ ಮಾಡಿ, ಬಹಳಷ್ಟು ಬಿ450 ಬೋರ್ಡುಗಳಿಗೆ ಅಪ್‌ಡೇಟ್ ಮೂಲಕ ಅದು ಬಂದಿದೆ. ಮಾನಿಟರ್ ಕೇಬಲ್ಲನ್ನು ಕಾರ್ಡಿಗೇ ಚುಚ್ಚಿ, ನಿಮ್ಮ 3600ರ ಒಳಗೆ ಗ್ರಾಫಿಕ್ಸ್ ಇಲ್ಲ, ಮದರ್‌ಬೋರ್ಡಿಗೆ ಚುಚ್ಚಿದರೆ ಪರದೆ ಕಪ್ಪಾಗೇ ಇರುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಆರಿಸಿ. ವರ್ಷಗಟ್ಟಲೆ 60ರಲ್ಲೇ ಆಡಿಕೊಂಡು ಕಾರ್ಡನ್ನು ಬೈದವರನ್ನು ನಾನು ಕಂಡಿದ್ದೇನೆ. ಮತ್ತೆ, ಹಳೆಯ 1060ಯನ್ನು ಎಳೆಯುವ ಮೊದಲು ಸ್ಲಾಟಿನ ತುದಿಯಲ್ಲಿರುವ ಪ್ಲಾಸ್ಟಿಕ್ ಚಿಲಕವನ್ನು ಬೆರಳಿನಿಂದ ಒತ್ತಿ ಬಿಡಿಸಿ. ಅದು ‘ಟಕ್’ ಅಂದ ಮೇಲೆಯೇ ಕಾರ್ಡ್ ಎತ್ತಿ.